ಸಾಹೇಬರ ಜೀಪು ನೂಕಿದ್ದು

ಇಂಗ್ಲಿಷರು ಬಿಟ್ಟುಹೋದ ತಾಪತ್ರಯಗಳಲ್ಲಿ ನನಗೆ ಅತಿ ಹೆಚ್ಚು ಕಾಟ ಕೊಟ್ಟದ್ದು ‘ಪುಷ್’ ಎಂಬ ಒಂದು ಶಬ್ದ. ನಾವು ನೂಕು ಎಂದರೆ ಮುಗಿಯಿತು; ನೂಕಿಸಿಕೊಂಡವನಿಗೂ ತಿಳಿಯುತ್ತದೆ. ಅವರದು ಹಾಗಲ್ಲ. ಪುಷ್ ಆನ್ ಎಂದರೆ ಬಿಡದೆ ಸಾಗು, ಪುಷ್ ಥ್ರೂ ಎಂದರೆ ಹಟ ಹಿಡಿದು ಮಂಜೂರು ಮಾಡಿಸು, ಪುಷ್ ಅರೌಂಡ್ ಎಂದರೆ ದಬಾಯಿಸು, ಪುಷ್ ಓವರ್ ಎಂದರೆ ನೂಕಿ ಕೆಡವು, ಪುಷ್ ಆಫ್ ಎಂದರೆ ಜಾಗ ಖಾಲಿ ಮಾಡು, ಪುಷ್ ಬ್ಯಾಕ್ ಎಂದರೆ ಎದುರು ನಿಲ್ಲು. ನಿಜಾಮರ ಕಾಲದ ಕಚೇರಿಯಲ್ಲಿ ಈ ಕೊನೆಯದೊಂದನ್ನು ಬಿಟ್ಟು ಎಲ್ಲವನ್ನೂ ನಾವು ಮಾಡುತ್ತಲೇ ಇದ್ದೆವು. ಹೆಸರು ಮಾತ್ರ ಗೊತ್ತಿರಲಿಲ್ಲ.

ಪೊಲೀಸ್ ಆಕ್ಷನ್ ಮುಗಿದು ನಿಜಾಮರ ಆಳ್ವಿಕೆ ಹೋದ ಮೇಲೆ ಔರಾದದ ನಮ್ಮ ಕಚೇರಿಗೆ ಧಾರವಾಡದ ಕಡೆಯಿಂದ ಹೊಸ ಸಾಹೇಬರು ಬಂದರು. ಬಂದವರೇ, “ಇನ್ನ ಎಲ್ಲಾ ಇಂಗ್ಲಿಷಿನ್ಯಾಗ. ಪರೀಕ್ಷಾ ತಗೋತೇನಿ. ಬಾರದವರು ಮನಿ ಹಾದಿ ಹಿಡೀರಿ” ಎಂದರು. ನಾನೋ ಉರ್ದು ಸಾಲೆಯಲ್ಲಿ ಕಲಿತ ಗುಮಾಸ್ತ.

“ನೌಕ್ರಿ ಹೋದ್ರ ಭಾಲ್ಕಿಗಿ ನಮ್ಮಣ್ಣನ ಮನ್ಯಾಗ ಹೋಗಿ ಕೂಡೋದೇನ್ರಿ?” ಎಂದಳು ಹೆಂಡತಿ. ಅದಕ್ಕಿಂತ ಇಂಗ್ಲಿಷೇ ವಾಸಿ ಅನ್ನಿಸಿತು. ಆ ಅಣ್ಣ ಸಾಲೆ ಮಾಸ್ತರ. ಅವನೇ ಬಂದು ಈ ಪುಷ್‌ಗಳನ್ನೆಲ್ಲ ಬಾಯಿಪಾಠ ಮಾಡಿಸಿ, “ಇಷ್ಟು ಬಂದ್ರ ಸಾಕ್ರಿ, ಸಾಹೇಬ ದಂಗಾಗ್ತಾನ” ಎಂದು ಹೋದ.

ಪರೀಕ್ಷೆಯ ದಿನ ಸಾಹೇಬರ ಜೀಪು ಕಚೇರಿಯ ಮುಂದಿನ ಏರಿನಲ್ಲಿ ಕೆಮ್ಮಿ ನಿಂತುಬಿಟ್ಟಿತು. ನಾವೆಲ್ಲ ಓಡಿಹೋಗಿ ಹಿಂದಿನಿಂದ ನೂಕತೊಡಗಿದೆವು. ಇನ್ನೇನು ಏರು ಮುಗಿಯಬೇಕು, ಸಾಹೇಬರಿಗೆ ಎಲ್ಲಿಂದ ಬಂತೋ ಪ್ರಜಾಪ್ರಭುತ್ವ! ಸ್ಟೀರಿಂಗ್ ಬಿಟ್ಟು ಧೊಪ್ಪನೆ ಇಳಿದು ಬಂದು ನಮ್ಮ ನಡುವೆ ಹೆಗಲು ಕೊಟ್ಟರು. ಹುಜೂರ್ ಎದುರಿಗೆ ನಿಂತಿರುವಾಗ ಕೈ ಬೇರೆ ಕಡೆ ಇರಬಹುದೇ? ಅಷ್ಟೂ ಜನ ಒಟ್ಟಿಗೆ ಕೈಬಿಟ್ಟು, ಎರಡು ಹೆಜ್ಜೆ ಬದಿಗೆ ಸರಿದು, ಸೊಂಟ ಬಗ್ಗಿಸಿ ಸಲಾಂ ಹೊಡೆದೆವು. ತಲೆ ಎತ್ತುವಷ್ಟರಲ್ಲಿ ಜೀಪು ಹಿಂದಕ್ಕೆ ಬಂದು ಬೇಲಿಗೆ ನಿಂತಿತ್ತು. ಸಾಹೇಬರು ಬೇಲಿಯ ಪಕ್ಕದ ದನಗಳ ನೀರಿನ ತೊಟ್ಟಿಯಲ್ಲಿದ್ದರು.

ದೇವರು ದೊಡ್ಡವನು, ಪೆಟ್ಟಾಗಿರಲಿಲ್ಲ. ಆ ತೊಟ್ಟಿಯ ಎದುರಿಗೇ ಅಂಗಳದ ಬಿಸಿಲಿಗೆ ಕುರ್ಚಿ ಹಾಕಿಸಿ ಮೈ ಒಣಗಿಸಿಕೊಳ್ಳುತ್ತಲೇ ಪರೀಕ್ಷೆಗೆ ಕರೆದರು. ಮೊದಲ ಬಲಿ ನಾನೇ. “ಈಗ ಆಗಿದ್ದು ಇಂಗ್ಲಿಷಿನ್ಯಾಗ ಹೇಳ್ರಿ” ಎಂದರು. ನನ್ನ ಕಣ್ಣೆದುರು ಭಾಲ್ಕಿಯ ದಾರಿ ಕಾಣಿಸಿತು. ಆದದ್ದಾಗಲಿ ಎಂದು ಬಾಯಿ ಬಿಟ್ಟೆ: “ವಿ ಪುಷ್ಡ್ ಆನ್, ಸರ್. ಯೂ ಕೇಮ್. ವಿ ಸಲಾಂ. ಜೀಪ್ ಪುಷ್ಡ್ ಯೂ ಓವರ್.”

ಸಾಹೇಬರು ಮೀಸೆಯ ನೀರು ಹಿಂಡಿಕೊಂಡರು. “ಪಾಸ್. ಆದ್ರ ಇವತ್ತಿನಿಂದ ಸಲಾಂ ಬಂದ್. ರಾಜ್ಯ ಬದಲಾಗೇದ, ನೀವೂ ಬದಲಾಗ್ರಿ!”

ಅಬ್ಬಾ, ನೌಕರಿ ಉಳಿಯಿತು! ಖುಷಿಗೆ ಕಣ್ಣು ತುಂಬಿ ಬಂತು. ಸಲಾಂ ಬಂದ್ ಎಂಬ ಆ ಹುಕುಮಿಗೆ ನಡು ಬಗ್ಗಿಸಿ ಸಲಾಂ ಮಾಡುತ್ತ, ಹುಜೂರರಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿಯುತ್ತ ಹೋದೆ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. “ಪಾಸಾದೆ” ಎಂದೆ.

“ಮತ್ತ ಹಿಂಗ್ಯಾಕ ತೊಯ್ದು ತೊಪ್ಪಿ ಆಗಿ ಬಂದೀರಿ? ದನದ ತೊಟ್ಟ್ಯಾಗ ಬಿದ್ದಂಗ ಕಾಣ್ತೀರಿ, ಯಾರು ನೂಕಿದ್ರು?”

ಯಾರೂ ನೂಕದೆ ತಾನಾಗಿಯೇ ಹೋಗಿ ಬೀಳುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ, ಭಾಲ್ಕಿಯ ಮಾಸ್ತರ ಅದನ್ನು ಕಲಿಸಿರಲಿಲ್ಲ.