ಆಷಾಢದ ಜ್ವರ ಮತ್ತು ಒಂದು ಹರವಿ ನೀರು

ಹೆಂಡತಿಯ ಮೇಲೆ ನನಗೆ ಪ್ರೀತಿ ಇದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಎಂದೂ ಬಂದದ್ದಿಲ್ಲ. ನಮ್ಮ ಕಡೆಯ ಗಂಡಸರು ಎತ್ತಿನ ಮೇಲಿನ ಪ್ರೀತಿಯನ್ನು ಹತ್ತು ಜನರ ಮುಂದೆ ಹೇಳುತ್ತಾರೆ, ಹೆಂಡತಿಯ ಮೇಲಿನದನ್ನು ನುಂಗಿಕೊಳ್ಳುತ್ತಾರೆ. ನಾನೂ ನುಂಗಿಕೊಂಡೆ. ಅದೇ ಜ್ವರವಾಗಿ ಹೊರಬಂತು ಎಂದು ಎಲ್ಲರೂ ನಂಬಿದ್ದು ನನ್ನ ಗ್ರಹಚಾರ.

ನಿಜಾಮರ ಆಡಳಿತ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಲಿಂಗಸುಗೂರಿನ ಕಚೇರಿಯಲ್ಲಿ ಹಳೆಯ ಉರ್ದು ಕಾಗದಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ಮದುವೆಯಾಗಿ ಎರಡು ತಿಂಗಳಿಗೇ ಆಷಾಢ ಬಂತು. ನೀಲಮ್ಮನನ್ನು ಅವಳ ಅಣ್ಣ ಮಸ್ಕಿಗೆ ಕರೆದೊಯ್ದ. ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸ್ತಿಲು ದಾಟಬಾರದು, ಆದ್ದರಿಂದ ನಾನು ಅಲ್ಲಿಗೆ ಹೋಗುವಂತಿಲ್ಲ. ಆಷಾಢ ಮುಗಿದರೆ ಬಂತಲ್ಲ ಪಂಚಮಿ, ಅದೂ ತವರಿನದೇ ಹಬ್ಬ! ಪಂಚಾಂಗ ಬರೆದವನಿಗೆ ಹೆಂಡತಿ ಇದ್ದಿರಲಿಕ್ಕಿಲ್ಲ. ಹೊರಡುವ ಬೆಳಿಗ್ಗೆ ಅವಳು ಬಾವಿಯಿಂದ ನೀರು ಸೇದಿ ತಂದು ಅಡುಗೆಮನೆಯ ಮೂಲೆಯ ಮಣ್ಣಿನ ಹರವಿಯನ್ನು ಕಂಠಮಟ ತುಂಬಿದಳು. ಆ ನೀರನ್ನು ನಾನು ಮುಟ್ಟಲಿಲ್ಲ. ದಿನಾ ಬೇರೆ ಒಂದು ಕೊಡ ತಂದುಕೊಂಡೆ. ಸಂಜೆ ಮಾತ್ರ ಹರವಿಯ ಮುಂದೆ ಕುಳಿತು ಚಹಾ ಕುಡಿಯುತ್ತಿದ್ದೆ. ಅವಳು ತುಂಬಿದ ನೀರು ಖಾಲಿಯಾದರೆ ಮನೆಯಲ್ಲಿ ಅವಳದೆಂದು ಉಳಿಯುವುದೇನು? ಬೇಕಾದರೆ ನಗಿರಿ.

ಮೂರನೆಯ ವಾರ ಕಚೇರಿಯಲ್ಲಿ ಕುಳಿತಲ್ಲೇ ಮೈ ಕೆಂಡವಾಯಿತು. ಕೀಲುಕೀಲು ಒನಕೆಯಿಂದ ಕುಟ್ಟಿದಂತೆ ನೋವು, ಕಣ್ಣಗುಡ್ಡೆಯ ಹಿಂದೆ ಸೆಳೆತ, ರೊಟ್ಟಿ ಬಾಯಿಗಿಟ್ಟರೆ ಬರೀ ಕಹಿ. ಆಗಲೇ ನಮ್ಮ ಓಣಿಯಲ್ಲಿ ಎರಡು ಮೂರು ಮನೆಯವರು ಹೀಗೇ ಮಲಗಿದ್ದರು. ಆದರೆ ಅವರದು ಜ್ವರ, ನನ್ನದು ಮಾತ್ರ ಆಷಾಢ! ಪಕ್ಕದ ಮನೆಯ ಮುದುಕಿ ಶಂಕ್ರವ್ವ ಗಂಜಿ ತಂದುಕೊಟ್ಟು, “ಊಟ ಸೇರವಲ್ದು, ನಿದ್ದಿ ಬರವಲ್ದು, ಕಣ್ಣಾಗ ನೀರು. ತಮ್ಮಾ, ಇದರ ಔಷಧ ಮಸ್ಕ್ಯಾಗ ಐತಿ ಬಿಡು” ಎಂದು ನಕ್ಕಳು. ಮಾವನವರಿಗೆ ಲಕ್ಷಣಗಳನ್ನೆಲ್ಲ ವಿವರಿಸಿ ಕಾಗದ ಹಾಕಿದೆ. ಮೂರೇ ದಿನಕ್ಕೆ ಉತ್ತರ ಬಂತು: “ಅಳಿಯಂದಿರೇ, ಹೊಸದಾಗಿ ಲಗ್ನ ಆದಾಗ ನನಗೂ ಹಿಂಗೇ ಆಗಿತ್ತು. ಶ್ರಾವಣದಾಗ ಇಳೀತದ. ಕಾಳಜಿ ಬ್ಯಾಡ.”

ಐದನೆಯ ದಿನ ಜ್ವರ ಬಿಟ್ಟಿತು. ಗೆದ್ದೆ ಎಂದುಕೊಂಡು ಹಲ್ಲುಜ್ಜಿದರೆ ವಸಡಿನಿಂದ ರಕ್ತ, ತೋಳಿನ ತುಂಬ ಕೆಂಪು ಚುಕ್ಕೆ. ಶಂಕ್ರವ್ವನ ನಗು ನಿಂತಿತು. ಮಸ್ಕಿಯ ಮೋಟಾರು ಹತ್ತುವವರ ಕೈಯಲ್ಲಿ ಸುದ್ದಿ ಕಳಿಸಿ, ದವಾಖಾನೆಯ ಡಾಕ್ಟರ ಸಾಹೇಬರನ್ನು ತಾನೇ ಕರೆತಂದಳು.

“ಇದು ಚಳಿಜ್ವರ ಅಲ್ರೀ, ಡೆಂಗ್ಯೂ” ಎಂದರು ಅವರು. “ಕ್ವಿನೈನ್ ಗುಳಿಗಿ ಇದಕ್ಕ ನಡ್ಯಾಂಗಿಲ್ಲ. ಜ್ವರ ಬಿಟ್ಟ ಮ್ಯಾಲೇ ಖತರಾ ಇರ್ತದ. ರಕ್ತ ಹೆಚ್ಚಾದ್ರ, ಹೊಟ್ಟಿನೋವು ಬಂದ್ರ ತಡಾ ಮಾಡಬ್ಯಾಡ್ರಿ, ಹೇಳಿಕಳಿಸ್ರಿ. ಗಂಜಿ ಕುಡಕೋತ ಮಲಗ್ರಿ. ಇದು ಹಗಲು ಕಡಿಯೋ ಸೊಳ್ಳಿ ಕೆಲಸ. ಅದು ಗಟಾರದಾಗಲ್ಲ, ನಿಂತ ತಿಳಿನೀರಾಗ ಹುಟ್ಟತದ. ಮನ್ಯಾಗ ಹಳೇ ನೀರು ಏನರ ಐತೇನು?”

ನಾನು ಗೋಡೆಯ ಕಡೆ ಹೊರಳಿ “ಇಲ್ರಿ” ಎಂದೆ. ಸಾಯುವ ಭಯ ಇತ್ತು, ಸುಳ್ಳಲ್ಲ. ಅವಳ ಮುಖ ನೋಡದೆ ಸತ್ತರೆ ಹರವಿಯಾದರೂ ಕಣ್ಣ ಮುಂದಿರಲಿ ಎನಿಸಿತು.

ಮರುದಿನ ಮಧ್ಯಾಹ್ನ ನೀಲಮ್ಮ ಬಂದಳು, ಜೊತೆಗೆ ಅತ್ತೆಯವರು. ಅವರು ಹೊಸ್ತಿಲು ದಾಟುವಂತಿಲ್ಲವಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತು ಕಿಟಕಿಯಿಂದಲೇ, “ನಿಮಗ ಖರೇ ಜ್ವರ ಅಂತ ಕಾಗದದಾಗ ಬರೀಬಾರದಿತ್ತೇನ್ರಿ?” ಎಂದು ಗದರಿಸಿದರು. ನೀಲಮ್ಮ ಅಳುತ್ತಲೇ ನೀರು ತರಲು ಹೋದವಳು ಹರವಿಯಲ್ಲಿ ಬಗ್ಗಿ ನೋಡಿ ಚೀರಿದಳು.

“ಅಯ್ಯ ಶಿವನ! ಹುಳಾ ಬಿದ್ದಾವ. ಇದು ನಾ ತುಂಬಿಟ್ಟ ನೀರಲ್ಲೇನ್ರಿ? ಯಾಕ ಚೆಲ್ಲಲಿಲ್ಲ?”

“ನೀ ತುಂಬಿದ್ದಂತ ಚೆಲ್ಲಲಿಲ್ಲ.”

ಅವಳು ಹರವಿ ಬಿಟ್ಟು ನನ್ನ ಹಾಸಿಗೆಯ ಬಳಿ ಬಂದಳು. “ನೀವು ಸತ್ತು ಹೋಗಿದ್ರ ನಾ ಯಾರಿಗೆ ನೀರು ತುಂಬಬೇಕಿತ್ತು?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹರವಿಯನ್ನು ಅಂಗಳಕ್ಕೆ ಎಳೆದೊಯ್ದು ನೀರನ್ನೆಲ್ಲ ಚೆಲ್ಲಿದಳು.

ಆರು ದಿನ ಇದ್ದಳು. ಅತ್ತೆಯವರು ಶಂಕ್ರವ್ವನ ಮನೆಯಲ್ಲಿ ಬಿಡಾರ ಹೂಡಿದರು. ನನ್ನ ರಕ್ತ ನಿಂತಿತು, ಬಾಯಿಗೆ ರುಚಿ ಬಂತು. ಏಳನೆಯ ದಿನ ಅತ್ತೆಯವರು, “ಅಳಿಯಂದಿರು ಅರಾಮ ಆಗ್ಯಾರ, ಇನ್ನ ಪಂಚಮಿ ಮುಗಿಸಿಕೊಂಡು ಬರ್ತಾಳ” ಎಂದು ಮಗಳನ್ನು ಮತ್ತೆ ಮೋಟಾರು ಹತ್ತಿಸಿದರು. ಹೊರಡುವ ಮುಂಚೆ ನೀಲಮ್ಮ ಹರವಿಯನ್ನು ತಿಕ್ಕಿ ತೊಳೆದು ಮೂಲೆಯಲ್ಲಿ ಬೋರಲು ಹಾಕಿ, “ಇದರಾಗ ಹನಿ ನೀರು ಕಂಡ್ರ ನೋಡ್ರಿ ಮತ್ತ” ಎಂದಳು.

ಜ್ವರ ಹೋದರೂ ಕೀಲುನೋವು, ನಿತ್ರಾಣ ಬಹಳ ದಿನ ಕಾಡುತ್ತವೆ ಎಂದಿದ್ದರು ಡಾಕ್ಟರ ಸಾಹೇಬರು. ಕಾಡಿದವು. ಸಂಜೆಯ ಚಹಾವನ್ನು ಎಲ್ಲಿ ಕುಳಿತು ಕುಡಿಯುತ್ತಿದ್ದೆ ಎಂದು ಮಾತ್ರ ಕೇಳಬೇಡಿ. ಒಮ್ಮೆ ಶಂಕ್ರವ್ವ ಕಸ ಗುಡಿಸುತ್ತ ಬೋರಲು ಬಿದ್ದ ಹರವಿಯನ್ನು ಜರುಗಿಸಲು ಹೋದಳು. ಎದ್ದು ನಿಲ್ಲಲೂ ಬಾರದ ನಾನು ಊರಿಗೇ ಕೇಳುವಂತೆ ಕೂಗಿದೆ: “ಯವ್ವಾ, ಮುಟ್ಟಬ್ಯಾಡ! ಅದು ಆಕಿ ಇಟ್ಟು ಹೋಗ್ಯಾಳ!”