ಎಲ್ಲವನ್ನೂ ತಳ್ಳುವ ಹೊತ್ತು

"ಭಾನುವಾರದ ಕೆಲಸಕ್ಕೆ ಮೂವರಲ್ಲಿ ಇಬ್ಬರು ಹೆಸರು ಬರೆಯಿರಿ. ಒಬ್ಬರಿಗೆ ರಜೆ. ನೀವೇ ತೀರ್ಮಾನಿಸಿಕೊಳ್ಳಿ." ಬಟ್ಟೆ ಕಾರ್ಖಾನೆಯ ಸೂಪರ್‌ವೈಸರ್ ಹೀಗೊಂದು ಚೀಟಿ ಗೋಡೆಗೆ ಅಂಟಿಸಿ ಕೈ ತೊಳೆದುಕೊಂಡ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಜಾಣ.

ಇಸ್ತ್ರಿಯವನು ರಜೆ ಕಂಡು ಒಂಬತ್ತು ವಾರವಾಗಿತ್ತು. ಅವನಿಗೆ ಸಿನಿಮಾ ಬೇಡ, ತಿರುಗಾಟ ಬೇಡ. ಒಂದು ಹಗಲು ಪೂರ್ತಿ ನಿದ್ದೆ ಸಾಕು. ಮೊನ್ನೆ ನಿಂತಲ್ಲೇ ತೂಕಡಿಸಿ ತನ್ನದೇ ತೋಳಿನ ಮೇಲೆ ಇಸ್ತ್ರಿ ಆಡಿಸಿದ್ದ. ಗುಂಡಿ ಹೊಲಿಯುವ ಅಕ್ಕ ನೋಡಿ, "ಗೆರೆ ಚೆನ್ನಾಗಿ ಕೂತಿದೆ" ಎಂದಿದ್ದಳು.

ಊಟದ ಬಿಡುವಿನಲ್ಲಿ ಇಸ್ಪೀಟು ಹಾಕಿ, ಪೋಕರ್ ಆಡಿ ತೀರ್ಮಾನಿಸೋಣ ಎಂದ ಕಟಿಂಗ್ ಮಾಸ್ತರ. ಪಣಕ್ಕೆ ಅಂಗಿಯ ಗುಂಡಿಗಳು; ಸುತ್ತು ಗೆದ್ದವರಿಗೆ ನಡುವೆ ಬಿದ್ದದ್ದೆಲ್ಲ. ಬಿಡುವು ಮುಗಿದ ಗಂಟೆ ಹೊಡೆದಾಗ ಯಾರ ಮುಂದೆ ಹೆಚ್ಚು ಗುಂಡಿಯೋ ಅವರಿಗೆ ರಜೆ.

"ಕೇಳೋ ತಮ್ಮ," ಮಾಸ್ತರ ಪಾಠ ಶುರುಮಾಡಿದ. "ಕೈಗೆ ಎರಡೆಲೆ ಬರತ್ತೆ. ಆಮೇಲೆ ಮೇಜಿನ ಮೇಲೆ ಮೂರು ಬಿಚ್ತೀವಿ, ಕೊನೇಲಿ ಇನ್ನೆರಡು. ಆ ಮೂರು ಬಿಚ್ಚೋಕೆ ಮುಂಚೇನೇ ಇರೋದೆಲ್ಲ ಮುಂದಕ್ಕೆ ತಳ್ಳಬೇಕಾದ್ರೆ ಕೈಲಿ ಎರಡು ಎಕ್ಕ ಇರ್ಬೇಕು. ಇಲ್ಲಾ, ಗುಂಡಿ ಮುಗೀತಾ ಬಂದಿರ್ಬೇಕು."

"ನಾವು ದಿನಾ ಬೆಳಿಗ್ಗೆ ಎಲೆ ನೋಡೋಕೆ ಮುಂಚೇನೇ ಎಲ್ಲಾ ತಳ್ಳಿರ್ತೀವಿ. ಅದಕ್ಯಾವ ಪಾಠ?" ಎಂದಳು ಅಕ್ಕ.

ಇಸ್ತ್ರಿಯವನು ಎಕ್ಕಕ್ಕಾಗಿ ಕಾದ. ಕಾಯುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಸುತ್ತು ಸುತ್ತಿಗೂ ಇಡಲೇಬೇಕಾದ ಗುಂಡಿ ಸವೆಯುತ್ತಲೇ ಇತ್ತು. ಕೊನೆಗೆ ಎರಡು ಎಕ್ಕ ಬಂದವು! ಎದ್ದು ನಿಂತು, ಗುಡ್ಡೆಯನ್ನೆಲ್ಲ ತಳ್ಳಿದ. ಇಬ್ಬರೂ ಎಲೆ ಎಸೆದು ಹಿಂದೆ ಸರಿದರು. ದಕ್ಕಿದ್ದು ಮೂರೇ ಗುಂಡಿ.

"ಯಾಕಕ್ಕಾ ಬಿಟ್ಟೆ?"

"ಇಷ್ಟು ಹೊತ್ತು ಹೆಣದ ಹಾಗೆ ಕೂತಿದ್ದೋನು ಎದ್ದು ನಿಂತ್ರೆ, ಎಕ್ಕ ಬಂದಿದೆ ಅಂತ ಗೋಡೆಗೂ ಗೊತ್ತಾಗತ್ತಪ್ಪ."

ಕೊನೆಯ ಸುತ್ತು. ಎದ್ದು ನಿಂತ ಆಯಾಸಕ್ಕೋ ಏನೋ, ಎಲೆ ಬಂದದ್ದೇ ಇಸ್ತ್ರಿಯವನ ರೆಪ್ಪೆ ಅಂಗಡಿ ಶಟರಿನ ಹಾಗೆ ಜಾರಿತು. ತಲೆ ಮೇಜಿಗೆ ಬಿತ್ತು. ತೋಳು ಗುಡ್ಡೆಯನ್ನೆಲ್ಲ ನಡುವಿಗೆ ನೂಕಿತು.

"ನಿದ್ದೇಲಿ ತಳ್ಳಿದಾನೆ!" ಎಂದಳು ಅಕ್ಕ.

"ತಳ್ಳಿದ್ದು ತಳ್ಳಿದ್ದೇ," ಎಂದ ಮಾಸ್ತರ, ಬಾಯಲ್ಲಿ ನೀರೂರಿಸಿಕೊಂಡು. ಅವನ ಕೈಯಲ್ಲಿ ಎರಡು ರಾಜ. ತನ್ನದೆಲ್ಲ ತಳ್ಳಿದ. ಅಕ್ಕನೂ ತಳ್ಳಿದಳು. ಇಸ್ತ್ರಿಯವನ ಎಲೆ ತಿರುಗಿಸಿದರೆ, ಒಂದು ಏಳು, ಒಂದು ಎರಡು. ಅದಕ್ಕಿಂತ ದರಿದ್ರ ಎಲೆ ಇಲ್ಲ. ಆದರೆ ಮೇಜಿನ ಮೇಲೆ ಬಿಚ್ಚಿದ ಐದರಲ್ಲಿ ಎರಡು ಏಳು! ಮೂರು ಏಳರ ಮುಂದೆ ಮಾಸ್ತರನ ಜೋಡಿ ರಾಜನೂ ಸೋತ, ಅಕ್ಕನ ಎಲೆಯೂ ಸೋತಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

"ಏಳೋ, ಗೆದ್ದೆ!" ಎಂದು ಅಕ್ಕ ಅವನನ್ನು ಅಲುಗಾಡಿಸಿದಳು. ಅವನು ಕಣ್ಣುಜ್ಜುತ್ತ ನೋಡುತ್ತಿದ್ದಂತೆ ಅವರಿಬ್ಬರೂ ಹಲ್ಲು ಕಚ್ಚಿ ಚೀಟಿಯಲ್ಲಿ ಹೆಸರು ಬರೆದರು.

ಸೂಪರ್‌ವೈಸರ್ ಬಂದು ಚೀಟಿ ಕಿತ್ತುಕೊಂಡ. "ಈಗ ಫೋನ್ ಬಂತು. ಭಾನುವಾರ ಕರೆಂಟ್ ಇಲ್ಲ, ಕೆಲಸಾನೂ ಇಲ್ಲ. ಹೆಸರು ಬರೆದೋರಿಗೆ ಸಂಬಳದ ಸಮೇತ ರಜೆ, ಕಾನೂನು ಹಾಗಿದೆ. ಗೇಟು ಕಾಯೋಕೆ ಒಬ್ಬ ಬೇಕು. ಚೀಟೀಲಿ ಇಲ್ಲದೋನು ನೀನೊಬ್ಬನೇ. ಬೆಳಿಗ್ಗೆ ಆರಕ್ಕೆ ಬಂದ್ಬಿಡು."

ಇಸ್ತ್ರಿಯವನು ಆಕಳಿಕೆ ನುಂಗಿದ. "ಕೂತ್ಕೊಂಡು ಕಾಯ್ಬಹುದಾ ಸಾರ್?"

"ಕುರ್ಚಿ ಕೊಟ್ರೆ ನಿದ್ದೆ ಹೊಡೀತೀಯ ಕಣಯ್ಯ. ನಿಂತ್ಕೊಂಡೇ ಕಾಯಿ."