ಶುಕ್ರವಾರದ ಅಡ್ಜಸ್ಟ್‌ಮೆಂಟ್

ವಸಿಷ್ಠನಿಗೆ ಬೇಕಾಗಿದ್ದುದು ಶುಕ್ರವಾರ ಒಂದು ದಿನದ ರಜೆ. ವರ್ಷದ ಲೆಕ್ಕದಲ್ಲಿ ಇನ್ನೂ ಐದು ರಜೆಗಳಿದ್ದವು. ಆದರೆ ಚೆಂಬೂರಿನ ಆ ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ ರಜೆ ಇರುವುದು ಬೇರೆ, ಸಿಗುವುದು ಬೇರೆ. ರಜೆ ಹಾಕುವವರು ಆ ದಿನದ ಪ್ರತಿ ತರಗತಿಗೂ ಬದಲಿ ಅಧ್ಯಾಪಕರನ್ನು ಹುಡುಕಿ, ಅಡ್ಜಸ್ಟ್‌ಮೆಂಟ್ ಫಾರ್ಮ್ ಎಂಬ ಹಳದಿ ಹಾಳೆಯ ಮೇಲೆ ಅವರ ಸಹಿ ಪಡೆಯಬೇಕು. ಒಂದು ಸಹಿ ಕಡಿಮೆಯಾದರೂ ವಿಭಾಗದ ಮುಖ್ಯಸ್ಥೆ ಸರಸ್ವತಿ ಮೇಡಂ ಹಾಳೆಯನ್ನು ಮುಟ್ಟುತ್ತಿರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಮುಲುಂಡಿನ ಕನ್ನಡ ಸಂಘದಲ್ಲಿ ಶಾಲಾ ಮಕ್ಕಳ ಭಾಷಣ ಸ್ಪರ್ಧೆ. ಆರನೆಯ ಕ್ಲಾಸಿನ ಮಗಳು ಪ್ರಣೀತಾ ಹಿಂದಿಯಲ್ಲಿ ಓಡುತ್ತಿದ್ದಳು, ಕನ್ನಡದಲ್ಲಿ ಕಾದ ಮರಳ ಮೇಲೆ ಕಾಲಿಟ್ಟವರಂತೆ ಕುಪ್ಪಳಿಸುತ್ತಿದ್ದಳು. ಮೂರು ನಿಮಿಷದ ಭಾಷಣವನ್ನು ಎರಡು ತಿಂಗಳು ಬಾಯಿಪಾಠ ಮಾಡಿದ್ದಳು. ಕಳೆದ ವರ್ಷ ಅಪ್ಪ ಪರೀಕ್ಷಾ ಡ್ಯೂಟಿಯೆಂದು ಹೋಗಿರಲಿಲ್ಲ. ಅವಳು ಎರಡನೆಯ ವಾಕ್ಯಕ್ಕೇ ನಿಂತು, ಅಳುತ್ತಾ ಕೆಳಗಿಳಿದಿದ್ದಳು.

"ಪಪ್ಪಾ, ಈ ಸಲ ನೀನು ಫ್ರಂಟ್ ರೋನಲ್ಲಿ ಕೂರಬೇಕು. ನಾನು ಭೂಲ್ ಗಯೀ ತೋ ನೀನು ಮುಂದಿನ ಮಾತಿಗೆ ಬಾಯಿ ಆಡಿಸಬೇಕು. ನೀನಿಲ್ಲ ಅಂದ್ರೆ ನಾನು ಸ್ಟೇಜ್ ಹತ್ತಲ್ಲ. ಪಕ್ಕಾ."

ಬುಧವಾರ ಬೆಳಿಗ್ಗೆ ಕಾಲೇಜು ಸೇರಿದವನೇ ವಸಿಷ್ಠ ತಿಲಕನ ಮೇಜಿನ ಮುಂದೆ ಹಾಳೆ ಹಿಡಿದು ನಿಂತ. ತಿಲಕ್ ಉಡುಪಿಯ ಕಡೆಯವನು. ಬಟಾಟೆವಡೆ ತಿನ್ನುತ್ತಿದ್ದ.

"ಶುಕ್ರವಾರ ಏಳೂವರೆಯ ಲೆಕ್ಚರ್ ಒಂದು ತಗೊಳ್ತೀಯಾ?"

"ತಗೊಳ್ಳುವ ಮಾರಾಯ, ಅದಕ್ಕೇನು? ಹಾಗೇ ಶನಿವಾರ ನನ್ನ ಏಳೂವರೆಯದ್ದು ನೀನು ತಗೋ. ಪರೇಲಿನಲ್ಲಿ ಮಾವನ ಹೊಸ ಹೋಟೆಲಿನ ಓಪನಿಂಗ್ ಉಂಟು. ಅಳಿಯ ಇಲ್ಲದಿದ್ದರೆ ದೋಸೆ ಮಗುಚುವುದಿಲ್ಲ ಅಂತ ಹೇಳಿದ್ದಾರೆ."

ಒಂದಕ್ಕೆ ಒಂದು. ನ್ಯಾಯವೇ. ತಿಲಕ್ ಹಾಳೆಗೆ ಸಹಿ ಹಾಕಿದ, ವಸಿಷ್ಠ ತಿಲಕನ ಶನಿವಾರದ ಫಾರ್ಮಿಗೆ ಸಹಿ ಹಾಕಿದ.

ಎರಡನೆಯವಳು ನಮಿತಾ. ಅವಳನ್ನು ಹಿಡಿಯಲು ಅವನು ಎರಡು ಮಹಡಿ ಹತ್ತಿದ.

"ಸರ್, ನಿಮ್ಮ ಫಸ್ಟ್ ಇಯರ್ ಕ್ಲಾಸಾ? ನೂರಿಪ್ಪತ್ತು ಮಕ್ಕಳು, ಮೀನು ಮಾರ್ಕೆಟ್ ಥರ ಗಲಾಟೆ" ಎಂದಳು ನಮಿತಾ. "ನನ್ನ ಥರ್ಡ್ ಇಯರ್ ಕ್ಲಾಸಿನಲ್ಲಿ ಹದಿನಾಲ್ಕೇ ಜನ. ನೂರಿಪ್ಪತ್ತಕ್ಕೆ ಹದಿನಾಲ್ಕು ಸಮ ಆಗತ್ತಾ, ನೀವೇ ಹೇಳಿ."

"ಅಂದರೆ?"

"ಶನಿವಾರ ನನ್ನದು ಎರಡು ತಗೊಳ್ಳಿ. ನಾನು ನಾಸಿಕ್‌ಗೆ ಹೋಗಬೇಕು."

ಮೂರನೆಯದು ಮೂರು ಗಂಟೆಯ ಪ್ರಾಕ್ಟಿಕಲ್. ಲ್ಯಾಬಿನಲ್ಲಿ ಹಿತೇಶ್ ಬ್ಯುರೆಟ್‌ಗಳನ್ನು ಎಣಿಸುತ್ತಿದ್ದ. ವಿಷಯ ಕೇಳಿ ಕನ್ನಡಕ ತೆಗೆದ.

"ವಸಿಷ್ಠ ಭಾಯ್, ಆಪ್ ಕೆ ಲಿಯೇ ಕುಛ್ ಭೀ. ಬಸ್, ಶನಿವಾರ ಮೇರಾ ಪ್ರಾಕ್ಟಿಕಲ್ ಆಪ್ ತಗೊಳ್ಳಿ. ನಮ್ಮ ಬಿಲ್ಡಿಂಗ್ ಸೊಸೈಟಿಯ ಮೀಟಿಂಗ್ ಇದೆ. ನಾನು ಇಲ್ಲ ಅಂದ್ರೆ ಮತ್ತೆ ನನ್ನನ್ನೇ ಸೆಕ್ರೆಟರಿ ಮಾಡ್ತಾರೆ."

ಚೆಂಬೂರಿನಲ್ಲೇ ಬೆಳೆದ ಹಿತೇಶನ ಕನ್ನಡ ಬೇಕಾದಾಗ ಮಾತ್ರ ಹೊರಬರುತ್ತಿತ್ತು. ಸಹಿ ಬಿತ್ತು. ವಸಿಷ್ಠ ಹಾಳೆಯನ್ನು ಮೇಜಿನ ಮೇಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಲ್ಯಾಬ್ ಅಟೆಂಡೆಂಟ್ ದೂಜ ಅದರ ಮೇಲೆ ಆ್ಯಸಿಡ್ ಬಾಟಲಿ ಇಟ್ಟಿದ್ದ. ಬಾಟಲಿ ಎತ್ತಿದಾಗ ತಿಲಕನ ಸಹಿಯಿದ್ದ ಜಾಗದಲ್ಲಿ ಎಂಟಾಣೆಯಷ್ಟು ದೊಡ್ಡ ತೂತು ಕಂಡಿತು.

"ಹಾಳೆ ಯಾರು ಇಟ್ಟದ್ದು ಇಲ್ಲಿ? ಇದು ಬಾಟಲಿ ಇಡುವ ಜಾಗ ಅಲ್ಲವಾ, ಸರ್?" ಎಂದು ದೂಜ ಅವನನ್ನೇ ಗದರಿದ. ಮೂವತ್ತು ವರ್ಷದ ಸರ್ವಿಸು, ಎದುರು ಮಾತಾಡುವ ಹಾಗಿಲ್ಲ.

ವಸಿಷ್ಠ ಮತ್ತೆ ತಿಲಕನಲ್ಲಿಗೆ ಓಡಿದ. ತಿಲಕ್ ತೂತಿನ ಮೂಲಕ ಅವನನ್ನು ನೋಡಿದ.

"ಒಂದು ಸಹಿ ಆಗಿತ್ತು. ಇದು ಎರಡನೆಯದು ಮಾರಾಯ."

"ಲೆಕ್ಚರ್ ಒಂದೇ ಅಲ್ಲವೇನೋ?"

"ಸಹಿ ಎರಡಲ್ಲವಾ? ಶನಿವಾರ ಮಧ್ಯಾಹ್ನ ನನ್ನ ಟೆಸ್ಟ್ ಸೂಪರ್‌ವಿಷನ್ ಉಂಟು. ಅದನ್ನೂ ನೋಡಿಕೋ."

ಒಂದು ದಿನದ ರಜೆಗೆ ಶನಿವಾರ ಬೆಳಿಗ್ಗೆ ಏಳೂವರೆಯಿಂದ ಸಂಜೆ ನಾಲ್ಕರವರೆಗೆ ವಸಿಷ್ಠ ಒತ್ತೆಯಾದ. ಇರಲಿ, ಮಗಳು ಸ್ಟೇಜ್ ಹತ್ತುತ್ತಾಳಲ್ಲ ಎಂದುಕೊಂಡು ಸರಸ್ವತಿ ಮೇಡಂ ಕೋಣೆಗೆ ಹೋದ.

ಮೇಡಂ ಮೈಸೂರಿನವರು. ಫಾರ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಕಾರಣ ಬರೆದಿಲ್ವಲ್ಲ ವಸಿಷ್ಠ?"

ಮಕ್ಕಳ ಕಾರ್ಯಕ್ರಮ ಎಂದರೆ 'ಅರ್ಧ ದಿನ ಸಾಕು' ಎನ್ನುವುದು ಮೇಡಂ ಪದ್ಧತಿ. ಅದಕ್ಕೇ ಆ ವಿಭಾಗದಲ್ಲಿ ಯಾರೂ ನಿಜವಾದ ಕಾರಣ ಬರೆಯುತ್ತಿರಲಿಲ್ಲ.

"ಮನೇಲಿ ಸ್ವಲ್ಪ ಪ್ಲಂಬಿಂಗ್ ಕೆಲಸ, ಮೇಡಂ."

ಮೇಡಂ ಏನೋ ಯೋಚಿಸಿದರು. ಪೆನ್ನನ್ನು ಎರಡು ಸಲ ತೆಗೆದು ಮುಚ್ಚಿದರು. ಕೊನೆಗೆ ನಿಟ್ಟುಸಿರಿಟ್ಟು ಸಹಿ ಹಾಕಿದರು.

ನಾಲ್ಕು ಗಂಟೆಗೆ ಅವನು ಚೀಲ ಹೆಗಲಿಗೇರಿಸುತ್ತಿದ್ದಾಗ ಪ್ರಣೀತಾಳ ಫೋನ್ ಬಂತು.

"ಪಪ್ಪಾ, ಕಾಂಪಿಟಿಷನ್ ಶನಿವಾರಕ್ಕೆ ಹೋಯ್ತು. ಸೇಮ್ ಟೈಮ್. ಜಡ್ಜ್‌ಗೆ ಫ್ರೈಡೇ ಛುಟ್ಟಿ ಸಿಗಲಿಲ್ಲವಂತೆ. ನೀನು ಬರ್ತಿ ನಾ?"

ಒಬ್ಬ ಜಡ್ಜ್‌ಗೆ ಒಂದು ದಿನ ಬಿಡುವು ಕೊಡದ ಆ ಆಫೀಸನ್ನೂ ಅಲ್ಲಿನವರನ್ನೂ ಮನಸ್ಸಿನಲ್ಲೇ ಬೈಯುತ್ತಾ ವಸಿಷ್ಠ ಮತ್ತೆ ಮೇಡಂ ಕೋಣೆಗೆ ಓಡಿದ. ಈ ಸಲ ನಿಜವನ್ನೇ ಹೇಳಿದ. ಮಗಳು, ಭಾಷಣ, ಮುಲುಂಡಿನ ಸಂಘ, ಎಲ್ಲ.

ಮೇಡಂ ಹಣೆಗೆ ಕೈ ಹಚ್ಚಿಕೊಂಡರು.

"ಅಯ್ಯೋ ರಾಮ. ಆ ಜಡ್ಜ್ ನಾನೇ ಕಣ್ರೀ. ಜಡ್ಜ್ ಹೆಸರು ಯಾರಿಗೂ ಹೇಳಬಾರದು ಅಂತ ಸಂಘದವರ ನಿಯಮ."

"ಮತ್ತೆ... ಶುಕ್ರವಾರ ನಿಮಗೇನಾಯ್ತು?"

"ನಿಮ್ಮ ರಜೆ ಆಯ್ತು. ನಿಮ್ಮ ಪ್ರಾಕ್ಟಿಕಲ್‌ಗೆ ಹಿತೇಶ್ ಸಹಿ ಹಾಕಿದಾರೆ. ಅದೇ ಹೊತ್ತಿಗೆ ಅವರದೇ ಬ್ಯಾಚ್ ಇದೆ, ಅದು ಅವರಿಗೂ ನೆನಪಿಲ್ಲ, ನಿಮಗೂ ನೆನಪಿಲ್ಲ. ಆ್ಯಸಿಡ್ ಇರೋ ಕಡೆ ಎರಡು ಬ್ಯಾಚ್ ಒಬ್ಬರ ಮೇಲೆ ಬಿಡೋಕಾಗತ್ತಾ? ನಾನೇ ನಿಲ್ಲಬೇಕಾಯ್ತು. ಪಾಪ, ಮನೇಲಿ ನೀರು ಸೋರ್ತಿದೆ ಅಂತ ನಿಮಗೆ ಇಲ್ಲ ಅನ್ನಲಿಲ್ಲ. ಸಂಘಕ್ಕೆ ಫೋನ್ ಮಾಡಿ ಶನಿವಾರ ಇಟ್ಟುಕೊಳ್ಳಿ ಅಂದೆ."

"ಹಾಗಾದರೆ ಶುಕ್ರವಾರದ ರಜೆ ಬೇಡ ಮೇಡಂ. ವಾಪಸ್ ಶುಕ್ರವಾರವೇ ಇಡಲಿ."

"ಒಂಬತ್ತು ಸ್ಕೂಲಿಗೆ ಮೆಸೇಜ್ ಹೋಗಿದೆ. ಇನ್ನು ಆಗಲ್ಲ."

"ಶನಿವಾರ ರಜೆ ಕೊಡಿ, ಮೇಡಂ. ಅರ್ಧ ದಿನ ಸಾಕು."

"ಕೊಡೋಣ, ಅದಕ್ಕೇನು?" ಮೇಡಂ ಡ್ರಾಯರಿನಿಂದ ಹೊಸ ಹಳದಿ ಹಾಳೆ ತೆಗೆದು ಅವನ ಮುಂದಿಟ್ಟರು. ಆಮೇಲೆ ಶನಿವಾರದ ಟೈಮ್‌ಟೇಬಲ್ ಮೇಲೆ ಬೆರಳಾಡಿಸಿದರು. ತಿಲಕ್, ನಮಿತಾ, ಹಿತೇಶ್, ಎಲ್ಲರ ಹೆಸರಿನ ಮೇಲೂ ಗೀಟು ಎಳೆದಿತ್ತು.

"ಆವತ್ತು ವಿಭಾಗದಲ್ಲಿ ಇರೋದು ಒಬ್ಬರೇ. ಅವರು ನಿಮ್ಮ ಕ್ಲಾಸ್ ತಗೋತೀನಿ ಅಂತ ಸಹಿ ಹಾಕಿದರೆ ನನ್ನದೇನೂ ಅಭ್ಯಂತರ ಇಲ್ಲ."

"ಯಾರು ಮೇಡಂ ಅವರು?"

ಮೇಡಂ ಪೆನ್ನನ್ನು ಅವನ ಕೈಗೇ ಕೊಟ್ಟರು.